ಎಂಟು ತೋಳಗಳು, ಒಂದು ಹೊಸ ಪುಸ್ತಕ: ಆಟದ ನಡುವೆ ನಿಯಮ ಬದಲಿಸಿದ ಪ್ರಕರಣ

ಇದು ನಮ್ಮದೇ ಟೇಬಲ್‌ನ ಕಥೆ. ನಾವು ಆಡೋದು ಡಂಜನ್ಸ್ ಅಂಡ್ ಡ್ರಾಗನ್ಸ್: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ನಾನು ಡಿಎಂ (ಡಂಜನ್ ಮಾಸ್ಟರ್), ಅಂದರೆ ಕಥೆ ನಡೆಸಿ ನಿಯಮ ತೀರ್ಮಾನಿಸುವವನು; ಆಡುವವರು ಐದು ಜನ. ಯಾರ ಹೆಸರೂ ಹಾಕಿಲ್ಲ, ಅವರವರು ಆಡುವ ಕ್ಲಾಸ್‌ನಿಂದಲೇ (ಪಾತ್ರದ ಕಸುಬು) ಕರೆಯುತ್ತೇನೆ: ಪಲಾಡಿನ್ (ಧರ್ಮಯೋಧ), ಮಾಂಕ್ (ಬರಿಗೈ ಕಾದಾಳಿ), ಡ್ರೂಯಿಡ್ (ಪ್ರಕೃತಿ ಮಾಂತ್ರಿಕಳು), ರೋಗ್ (ಕಳ್ಳಹೆಜ್ಜೆಯವಳು), ಕ್ಲೆರಿಕ್ (ಪುರೋಹಿತ). ಗುರುತು ಸಿಗಬಾರದೆಂದು ಒಂದೆರಡು ವಿವರ ಆಚೀಚೆ ಮಾಡಿದ್ದೇನೆ. ಬರೆಯೋಕೆ ಐದೂ ಜನ ಒಪ್ಪಿದ್ದಾರೆ. ತಪ್ಪುಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಅವುಗಳಲ್ಲಿ ಹೆಚ್ಚಿನವು ನನ್ನವೇ.

ಹಿನ್ನೆಲೆ

ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಐದನೇ ಎಡಿಷನ್ 2014ರಲ್ಲಿ ಬಂತು. ಹತ್ತು ವರ್ಷ ಅದರಲ್ಲೇ ಎಲ್ಲರೂ ಆಡಿದರು. ಆಮೇಲೆ 2024ರ ಸೆಪ್ಟೆಂಬರ್ 17ಕ್ಕೆ ಪರಿಷ್ಕೃತ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಟಗಾರರ ನಿಯಮ ಪುಸ್ತಕ) ಬಂತು, ನವೆಂಬರ್‌ನಲ್ಲಿ ಡಂಜನ್ ಮಾಸ್ಟರ್ಸ್ ಗೈಡ್, 2025ರ ಫೆಬ್ರವರಿಯಲ್ಲಿ ಮಾನ್ಸ್ಟರ್ ಮ್ಯಾನ್ಯುಯಲ್ (ಎದುರಾಗೋ ಪ್ರಾಣಿ, ರಾಕ್ಷಸರ ಪುಸ್ತಕ). ಇದಕ್ಕೆ ಆರನೇ ಎಡಿಷನ್ ಅನ್ನಲಿಲ್ಲ, 5.5 ಅಂತಲೂ ಪುಸ್ತಕದ ಮೇಲೆ ಬರೆಯಲಿಲ್ಲ. ಹಳೇ ಸಾಹಸಗಳು, ಹಳೇ ಸಬ್‌ಕ್ಲಾಸ್‌ಗಳು (ಕ್ಲಾಸ್‌ನ ಒಳಬಗೆಗಳು) ಹೊಸ ನಿಯಮದ ಜೊತೆ ಹೊಂದುತ್ತವೆ ಅಂದರು, ಅಷ್ಟೇ.

ನನ್ನ ಪ್ರಕಾರ ನಮ್ಮ ತಲೆನೋವು ಶುರುವಾಗಿದ್ದೇ ಈ 'ಹೊಂದುತ್ತದೆ' ಅನ್ನೋ ಮಾತಿನಿಂದ. 2008ರಲ್ಲಿ ನಾಲ್ಕನೇ ಎಡಿಷನ್ ಬಂದಾಗ ಅದು ಬೇರೆಯೇ ಆಟ ಅಂತ ಎಲ್ಲರಿಗೂ ಕಣ್ಣಿಗೆ ಕಾಣುತ್ತಿತ್ತು. ಬೇಕಾದವರು ಹೋದರು, ಬೇಡದವರಲ್ಲಿ ಎಷ್ಟೋ ಜನ ಮಾರನೇ ವರ್ಷ ಪಾತ್‌ಫೈಂಡರ್ ಅನ್ನೋ ಬೇರೆ ಆಟ ಹಿಡಿದರು. ಆ ಥರದ ಬದಲಾವಣೆಯಾದರೆ ಕ್ಯಾಂಪೇನ್ (ತಿಂಗಳುಗಟ್ಟಲೆ ಸಾಗೋ ಒಂದು ಕಥೆ) ಮುಗಿಯೋವರೆಗೆ ಯಾರೂ ಆ ವಿಷಯವನ್ನೇ ಎತ್ತಲ್ಲ. ಆದರೆ 'ಅದೇ ಆಟ, ಸ್ವಲ್ಪ ತಿದ್ದಿದ್ದಾರೆ' ಅಂದಾಗ, ನಾಳೆಯೇ ಬದಲಿಸಿದರೆ ಏನಾಗುತ್ತೆ ಅನ್ನಿಸುತ್ತೆ.

ನಮ್ಮ ಕ್ಯಾಂಪೇನ್ ಆಗ ಎರಡು ವರ್ಷ ದಾಟಿತ್ತು. ಎಲ್ಲರೂ ಏಳನೇ ಲೆವೆಲ್‌ನಲ್ಲಿದ್ದರು. ಕಥೆ ನಾನೇ ಕಟ್ಟಿದ್ದು.

ಸಮಸ್ಯೆ

ಹೊಸ ಪುಸ್ತಕ ಮೊದಲು ತಂದವನು ಮಾಂಕ್. ತರದೇ ಏನು ಮಾಡ್ತಾನೆ, ಅವನಿಗೆ ಲಾಟರಿ ಹೊಡೆದಂತೆ ಆಗಿತ್ತು. ಏಳನೇ ಲೆವೆಲ್‌ನಲ್ಲಿ ಬರಿಗೈ ಹೊಡೆತಕ್ಕೆ ಡಿ6 (ಆರು ಮುಖದ ದಾಳ) ಉರುಳಿಸುತ್ತಿದ್ದವನಿಗೆ ಈಗ ಡಿ8 (ಎಂಟು ಮುಖದ್ದು). ಓಡೋಕೆ, ಜಾರಿಕೊಳ್ಳೋಕೆ ಪಾಯಿಂಟ್ ಖರ್ಚು ಮಾಡಬೇಕಿಲ್ಲ. ಮೊದಲು ಬಾಣವನ್ನಷ್ಟೇ ತಡೆಯುತ್ತಿದ್ದ ಕೈ ಈಗ ಕತ್ತಿಯನ್ನೂ ತಡೆಯುತ್ತೆ. ಶತ್ರುವನ್ನು ಮರಗಟ್ಟಿಸೋ ಸ್ಟನ್ನಿಂಗ್ ಸ್ಟ್ರೈಕ್ ಟರ್ನ್‌ಗೆ ಒಂದೇ ಸಲ ಅಂತ ಕಡಿಮೆ ಮಾಡಿದ್ದಾರೆ, ನಿಜ. ಅದನ್ನು ಅವನು ಕೊನೆಯಲ್ಲಿ, ಸ್ವಲ್ಪ ಮೆಲ್ಲಗೆ ಓದಿದ.

ಪಲಾಡಿನ್ ಅರ್ಧ ಗಂಟೆ ಪುಟ ತಿರುವಿ ಪುಸ್ತಕ ಮುಚ್ಚಿದ. ಏಟಿಗೆ ದೈವಬಲದ ಹೆಚ್ಚುವರಿ ಹೊಡೆತ ಸೇರಿಸೋ ಡಿವೈನ್ ಸ್ಮೈಟ್ ಈಗ ಒಂದು ಸ್ಪೆಲ್ (ಮಂತ್ರ), ಅದೂ ಬೋನಸ್ ಆಕ್ಷನ್ (ಟರ್ನ್‌ನ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸ). ಹಳೇ ನಿಯಮದಲ್ಲಿ ಎರಡು ಏಟು ಬಿದ್ದರೆ ಎರಡಕ್ಕೂ ಸ್ಮೈಟ್ ಸುರಿಯಬಹುದಿತ್ತು, ಈಗ ಟರ್ನ್‌ಗೆ ಒಂದೇ. ಜೊತೆಗೆ ಅವನ ಹತ್ತಿರ ಪೋಲ್‌ಆರ್ಮ್ ಮಾಸ್ಟರ್ ಅನ್ನೋ ಫೀಟ್ (ವಿಶೇಷ ಕೌಶಲ) ಇತ್ತು. ಉದ್ದ ಕೋಲಿನ ಹಿಂತುದಿಯಿಂದ ಇನ್ನೊಂದು ಏಟು ಕೊಡೋದಕ್ಕೂ ಬೋನಸ್ ಆಕ್ಷನ್ನೇ ಬೇಕು. ಒಂದು ಟರ್ನ್‌ಗೆ ಸಿಗೋದು ಒಂದೇ ಬೋನಸ್ ಆಕ್ಷನ್. 'ಎರಡು ವರ್ಷ ಕಟ್ಟಿದ ಮನುಷ್ಯನ ಒಂದು ಕೈ ಕಟ್ಟಿಹಾಕ್ತಿದ್ದೀರ' ಅಂದ.

ರೋಗ್‌ಗೆ ಖುಷಿ. ವೆಪನ್ ಮಾಸ್ಟರಿ ಅಂತ ಹೊಸದೊಂದು ಬಂದಿದೆ, ಅದರಿಂದ ಎಡಗೈ ಚಾಕುವಿನ ಏಟಿಗೆ ಬೋನಸ್ ಆಕ್ಷನ್ ಬೇಡ, ಹೊಡೆದೂ ಬಚ್ಚಿಟ್ಟುಕೊಳ್ಳಬಹುದು. ಕ್ಲೆರಿಕ್‌ನದ್ದು 'ಯಾವುದಾದರೂ ಸರಿ'. ಡ್ರೂಯಿಡ್‌ದು 'ನಿಮಗೆಲ್ಲ ಇಷ್ಟ ಇದ್ರೆ ನಂಗೂ ಓಕೆ'.

ನನ್ನ ಮನಸ್ಸು ಎಲ್ಲಿತ್ತು ಅನ್ನೋದನ್ನೂ ಹೇಳಿಬಿಡಬೇಕು. ನಂಗೆ ಹೊಸದೇ ಬೇಕಿತ್ತು. ಎಕ್ಸಾಶನ್ (ದಣಿವಿನ) ನಿಯಮ ಒಂದನ್ನೇ ನೋಡಿ. ಮೊದಲು ಆರು ಹಂತಕ್ಕೆ ಆರು ಬೇರೆ ಬೇರೆ ಶಿಕ್ಷೆ, ಪ್ರತಿ ಸಲ ಪುಸ್ತಕ ತೆಗೆಯಬೇಕು. ಈಗ ಹಂತಕ್ಕೆ ಡಿ20ಯಲ್ಲಿ 2 ಕಳೆ, ನಡೆಯೋ ದೂರದಲ್ಲಿ 5 ಅಡಿ ಕಳೆ, ಆರಕ್ಕೆ ಸಾವು. ಮುಗೀತು. ಇಂಥವು ಹತ್ತಾರು ಇದ್ದವು. ಹಾಗಾಗಿ ನಾನು ನ್ಯಾಯಾಧೀಶನ ಥರ ಕೂತಿದ್ದರೂ ಒಂದು ಕಡೆಯ ವಕೀಲನೂ ಆಗಿದ್ದೆ.

ಮಾಡಿ ನೋಡಿದ್ದು

ಮೊದಲು ವೋಟ್ ಹಾಕಿಸಿದೆ. ಮೂರು ಜನ ಹೊಸದಕ್ಕೆ, ಒಬ್ಬ ಹಳೇದಕ್ಕೆ, ಕ್ಲೆರಿಕ್ ತಟಸ್ಥ. ಲೆಕ್ಕ ಸರಿಯಾಗಿತ್ತು, ಕೆಲಸ ಕೆಟ್ಟಿತು. ಮುಂದಿನ ವಾರ ಪಲಾಡಿನ್ ಬರಲಿಲ್ಲ. ಆಫೀಸ್ ಕೆಲಸ ಅಂದ. ಎರಡು ವರ್ಷದಲ್ಲಿ ಅವನು ಆಫೀಸ್ ಕೆಲಸ ಅಂತ ತಪ್ಪಿಸಿಕೊಂಡಿದ್ದು ಅದೇ ಮೊದಲು.

ಗಾಬರಿಯಾಗಿ ಇನ್ನೊಂದು ತುದಿಗೆ ಹಾರಿದೆ. ಯಾರಿಗೆ ಯಾವುದು ಬೇಕೋ ಅದನ್ನು ಆಡಿ, ಹೇಗೂ ಹೊಂದುತ್ತೆ ಅಂತಾರಲ್ಲ, ಅಂದೆ. ಆಗ ಭಾರೀ ಉದಾರ ಮಾತು ಅನ್ನಿಸಿತ್ತು. ಈಗ ಯಾರಾದರೂ ಹಾಗೆ ಮಾಡ್ತೀನಿ ಅಂದರೆ ಕೈ ಹಿಡಿದು ನಿಲ್ಲಿಸುತ್ತೇನೆ.

ಮೂರು ವಾರ ನಡೀತು. ಮಾಂಕ್ ಮತ್ತು ರೋಗ್ ಹೊಸದು, ಪಲಾಡಿನ್ ಮತ್ತು ಡ್ರೂಯಿಡ್ ಹಳೇದು. ಕ್ಲೆರಿಕ್? ಅವನು ಗಾಯ ವಾಸಿಮಾಡೋ ಕ್ಯೂರ್ ವೂಂಡ್ಸ್ ಸ್ಪೆಲ್ ಹೊಸದು ಇಟ್ಟುಕೊಂಡ, ಯಾಕೆಂದರೆ ಅದು 1ಡಿ8ರಿಂದ 2ಡಿ8 (ಒಂದು ಡಿ8 ಬದಲು ಎರಡು) ಆಗಿದೆ. ಗಾಳಿಯಲ್ಲಿ ತೇಲಿ ಹೊಡೆಯೋ ಆಯುಧದ ಸ್ಪೆಲ್ ಸ್ಪಿರಿಚುವಲ್ ವೆಪನ್ ಮಾತ್ರ ಹಳೇ ಕಾರ್ಡ್‌ನಿಂದಲೇ ಓದುತ್ತಿದ್ದ. ಮೋಸ ಅಲ್ಲ, ಅದು ಬದಲಾಗಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ನಂಗೂ ಗೊತ್ತಿರಲಿಲ್ಲ.

ಮೂರನೇ ವಾರ ಕೈ ಸುಟ್ಟಿತು. ದರೋಡೆಕೋರರ ಗುಂಪೊಂದು ಕಣಿವೆ ದಾಟಬೇಕಿತ್ತು, ನಮ್ಮವರು ಹೊಂಚು ಹಾಕಿ ಕೂತರು. ಯಾರು ಯಾವ ಬಂಡೆಯ ಹಿಂದೆ, ಯಾರು ಮೊದಲು, ಎಣ್ಣೆ ಎಲ್ಲಿ ಚೆಲ್ಲೋದು ಅಂತ ನಲವತ್ತು ನಿಮಿಷ ಯೋಜನೆ ಹಾಕಿದರು. ಪಲಾಡಿನ್ ಪಾಪ ತನ್ನ ಕವಚ ಸದ್ದು ಮಾಡುತ್ತೆ ಅಂತ ಅದನ್ನು ಬಿಚ್ಚಿಟ್ಟು ಕೂತಿದ್ದ. ದರೋಡೆಕೋರರು ಬಂದರು, ಇವರು ಎದ್ದರು. ನಾನು ಕೈಗೆ ಸಿಕ್ಕಿದ ಪುಸ್ತಕ ತೆಗೆದೆ. ಅದು ಹೊಸದಾಗಿತ್ತು.

ಹಳೇ ನಿಯಮದಲ್ಲಿ ಬೆಚ್ಚಿಬಿದ್ದವರು ಮೊದಲ ಟರ್ನ್‌ನಲ್ಲಿ ಏನೂ ಮಾಡೋ ಹಾಗಿಲ್ಲ. ಹೊಸದರಲ್ಲಿ ಅವರ ಇನಿಶಿಯೇಟಿವ್‌ಗೆ (ಯಾರು ಮೊದಲು ಅನ್ನೋ ದಾಳ) ಡಿಸ್‌ಅಡ್ವಾಂಟೇಜ್, ಅಷ್ಟೇ. ಎರಡು ದಾಳ ಹಾಕಿ ಕಡಿಮೆದನ್ನು ತಗೊಂಡೆ. ಆ ಕಡಿಮೆದೇ 15. ದರೋಡೆಕೋರರ ನಾಯಕ ಎಲ್ಲರಿಗಿಂತ ಮೊದಲು ಎದ್ದು, ಕವಚವಿಲ್ಲದ ಪಲಾಡಿನ್‌ಗೆ ಎರಡು ಬಾರಿಸಿ ಮಲಗಿಸಿದ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಪಲಾಡಿನ್ ತನ್ನ ಪಾತ್ರದ ಮಿನಿಯೇಚರನ್ನು (ಪುಟ್ಟ ಗೊಂಬೆ) ಬೋರಲು ಮಲಗಿಸಿ, 'ಇವತ್ತು ಯಾವ ಆಟ ಆಡ್ತಿದ್ದೀವಿ, ಅದನ್ನಾದ್ರೂ ಹೇಳು' ಅಂದ.

ಅಲ್ಲಿಗೆ ಆವತ್ತಿನ ಆಟ ನಿಲ್ಲಿಸಿದೆ.

ತಿರುವು

ಮರುದಿನವೇ ಪಲಾಡಿನ್ ಜೊತೆ ಒಂದಿಡೀ ಸಂಜೆ ಕೂತೆ. ಅವನ ಶೀಟನ್ನು (ಪಾತ್ರದ ವಿವರದ ಹಾಳೆ) ಹೊಸ ನಿಯಮಕ್ಕೆ ಬರೆದು ನೋಡೋಣ, ಒಪ್ಪೋದು ಬಿಡೋದು ಆಮೇಲೆ ಅಂತ. ಅವನದ್ದು ವೇರಿಯೆಂಟ್ ಹ್ಯೂಮನ್ (ಶುರುವಿಗೇ ಫೀಟ್ ಸಿಗೋ ಮನುಷ್ಯ): ಮೊದಲ ಲೆವೆಲ್‌ನಲ್ಲೇ ಪೋಲ್‌ಆರ್ಮ್ ಮಾಸ್ಟರ್ ತಗೊಂಡು, ನಾಲ್ಕನೇ ಲೆವೆಲ್‌ನಲ್ಲಿ ಸ್ಟ್ರೆಂತ್ (ತೋಳ್ಬಲದ ಅಂಕ) 16ರಿಂದ 18 ಮಾಡಿಕೊಂಡಿದ್ದ. ಹೊಸ ಪುಸ್ತಕದಲ್ಲಿ ಆ ಫೀಟ್ ನಾಲ್ಕನೇ ಲೆವೆಲ್‌ಗಿಂತ ಮುಂಚೆ ಸಿಗಲ್ಲ. ಅಂದರೆ ಒಂದೋ ಫೀಟ್ ಹೋಯ್ತು, ಇಲ್ಲಾ ಸ್ಟ್ರೆಂತ್ ಹೋಯ್ತು ಅಂತ ಇಬ್ಬರೂ ಅಂದುಕೊಂಡೆವು.

ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಾಗ ಬೇರೆಯೇ ಬಂತು. ಈಗ ಅಂಕ ಹೆಚ್ಚೋದು ಜನಾಂಗದಿಂದಲ್ಲ, ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಪೂರ್ವಕಥೆ). ಮೂಲ ಅಂಕ 15ಕ್ಕೆ 2 ಸೇರಿ 17. ನಾಲ್ಕನೇ ಲೆವೆಲ್‌ನ ಫೀಟ್ ಜೊತೆಗೇ 1 ಸಿಗುತ್ತೆ, 18. ಫೀಟೂ ಉಳೀತು, ಸ್ಟ್ರೆಂತೂ ಉಳೀತು. ಮೇಲೆ ಬ್ಯಾಕ್‌ಗ್ರೌಂಡ್‌ನ ಫೀಟ್ ಬೇರೆ. ಸ್ಮೈಟ್ ದಿನಕ್ಕೊಂದು ಸಲ ಪುಕ್ಕಟೆ, ಮುಟ್ಟಿ ಗಾಯ ವಾಸಿಮಾಡೋ ಲೇ ಆನ್ ಹ್ಯಾಂಡ್ಸ್‌ಗೆ ಇಡೀ ಆಕ್ಷನ್ ಬೇಡ, ಬೋನಸ್ ಆಕ್ಷನ್ ಸಾಕು. ಆದರೂ ಅವನ ಮುಖ ಅರಳಲಿಲ್ಲ. ಬೋನಸ್ ಆಕ್ಷನ್‌ಗೆ ಮೂರು ಜನ ಗಿರಾಕಿಗಳು ಅಂತ ಅವನು ಹೇಳಿದ್ದು ನಿಜವೇ ಆಗಿತ್ತು. ಇದು ಕಾಗದದಲ್ಲಿ ತೀರ್ಮಾನ ಆಗೋ ವಿಷಯವಲ್ಲ ಅನ್ನಿಸಿತು.

ಹಾಗಾಗಿ ಆ ವಾರ ಕಥೆ ಬದಿಗಿಟ್ಟು, ಒಂದೇ ಜಗಳವನ್ನು ಎರಡು ಸಲ ಆಡಿದೆವು. ಅದೇ ನಕ್ಷೆ, ಅದೇ ಸೇತುವೆ, ಅದೇ ಆರು ಓಗರ್ (ದೈತ್ಯರು). ಹೊಸ ಮಾನ್ಸ್ಟರ್ ಮ್ಯಾನ್ಯುಯಲ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಎರಡೂ ಸಲ ಹಳೇ ಓಗರ್‌ಗಳೇ. ಮೊದಲು ಎಲ್ಲರೂ ಪೂರ್ತಿ ಹಳೇ ನಿಯಮದಲ್ಲಿ, ಆಮೇಲೆ ಎಲ್ಲರೂ ಪೂರ್ತಿ ಹೊಸದರಲ್ಲಿ.

ಯಾರಾದರೂ ನಂಗೆ ಒಂದೇ ಒಂದು ಸಲಹೆ ಕೊಡು ಅಂದರೆ ಇದನ್ನೇ ಕೊಡುತ್ತೇನೆ. ಮೂರು ವಾರ ವಾದ ಮಾಡಿ ಗೊತ್ತಾಗದ್ದು ಒಂದು ರಾತ್ರಿಯಲ್ಲಿ ಗೊತ್ತಾಯಿತು.

ಎರಡನೇ ಜಗಳದಲ್ಲಿ ಕ್ಲೆರಿಕ್ ಸ್ಪಿರಿಟ್ ಗಾರ್ಡಿಯನ್ಸ್ ಅನ್ನೋ ಸ್ಪೆಲ್ ಹಾಕಿದ. ಮುಂದಿನ ಟರ್ನ್‌ನಲ್ಲಿ ಎಂದಿನಂತೆ 'ಬೋನಸ್ ಆಕ್ಷನ್, ಸ್ಪಿರಿಚುವಲ್ ವೆಪನ್' ಅಂದ. ಮಾಂಕ್ ಪುಸ್ತಕದಿಂದ ತಲೆ ಎತ್ತದೆಯೇ, 'ಅದಕ್ಕೂ ಈಗ ಕಾನ್ಸೆಂಟ್ರೇಷನ್ ಬೇಕು ಕಣೋ, ಎರಡನ್ನೂ ಒಟ್ಟಿಗೆ ಹಿಡಿಯೋಕಾಗಲ್ಲ' ಅಂದ. ಯಾವುದಾದರೂ ಸರಿ ಅನ್ನುತ್ತಿದ್ದ ಮನುಷ್ಯ ಒಂದು ನಿಮಿಷ ಮಾತೇ ಆಡಲಿಲ್ಲ. ಎರಡು ವರ್ಷದಿಂದ ಅವನ ಪ್ರತಿ ಜಗಳವೂ ಆ ಜೋಡಿಯ ಮೇಲೇ ನಿಂತಿತ್ತು.

ಪಲಾಡಿನ್‌ಗೆ ಆಗಿದ್ದು ಉಲ್ಟಾ. ಕೊನೆಯ ಓಗರ್‌ಗೆ ಉಳಿದಿದ್ದು ಮೂರೇ ಹಿಟ್ ಪಾಯಿಂಟ್ (ಜೀವದ ಅಂಕ). ಇವನು ಗ್ಲೇವ್ (ಉದ್ದ ಕೋಲಿನ ಕತ್ತಿ) ಬೀಸಿದ, ದಾಳದಲ್ಲಿ 2 ಬಿತ್ತು, ತಪ್ಪಿತು. ಆದರೆ ಗ್ಲೇವ್‌ನ ಮಾಸ್ಟರಿ ಗ್ರೇಜ್, ಅಂದರೆ ಏಟು ತಪ್ಪಿದರೂ ಸ್ಟ್ರೆಂತ್ ಮಾಡಿಫೈಯರ್‌ನಷ್ಟು (ಆ ಅಂಕದಿಂದ ಬರೋ ಕೂಡುವ ಸಂಖ್ಯೆ) ಡ್ಯಾಮೇಜ್ ಆಗುತ್ತೆ. ಇವನದ್ದು 4. ತಪ್ಪಿದ ಏಟಿಗೇ ಓಗರ್ ಸತ್ತುಬಿತ್ತು. ಟೇಬಲ್ ಕುಟ್ಟಿ ನಕ್ಕಿದ್ದು ಮೊದಲು ಅವನೇ.

ಇಷ್ಟಾದರೆ ಇದೊಂದು ಸುಖಾಂತ್ಯದ ಕಥೆ ಆಗಿಬಿಡುತ್ತಿತ್ತು. ಡ್ರೂಯಿಡ್ ವಿಷಯಕ್ಕೆ ಬರ್ತೀನಿ.

ಅವಳದ್ದು ಸರ್ಕಲ್ ಆಫ್ ದ ಶೆಪರ್ಡ್ ಅನ್ನೋ ಸಬ್‌ಕ್ಲಾಸ್. ಪ್ರಾಣಿಗಳನ್ನು ಕರೆಸೋದೇ ಅದರ ಜೀವ. ಹಳೇ ಕಂಜೂರ್ ಅನಿಮಲ್ಸ್ ಸ್ಪೆಲ್‌ನಲ್ಲಿ ಎಂಟು ತೋಳ ಬರುತ್ತವೆ. ಅವಳ ಹತ್ತಿರ ಎಂಟು ಪುಟ್ಟ ತೋಳದ ಮಿನಿಯೇಚರ್ ಇದ್ದವು, ಗುರುತಿಗೆ ಒಂದೊಂದರ ಕುತ್ತಿಗೆಗೆ ಒಂದೊಂದು ಬಣ್ಣದ ದಾರ. ಮೊದಲ ಜಗಳದಲ್ಲಿ ಎಂಟೂ ಇಳಿದವು. ಹಿಂಡಾಗಿ ಹೊಡೆದರೆ ಲಾಭ ಕೊಡೋ ಪ್ಯಾಕ್ ಟ್ಯಾಕ್ಟಿಕ್ಸ್ ಇರೋದರಿಂದ ಒಂದೊಂದಕ್ಕೂ ಎರಡೆರಡು ದಾಳ, ಒಟ್ಟು ಹದಿನಾರು. ಆಮೇಲೆ ಡ್ಯಾಮೇಜ್, ಆಮೇಲೆ ಓಗರ್ ಬಿತ್ತಾ ಇಲ್ವಾ ಅಂತ ಸೇವ್ (ಸೇವಿಂಗ್ ಥ್ರೋ, ತಪ್ಪಿಸಿಕೊಳ್ಳೋ ದಾಳ). ಅವಳ ಒಂದು ಟರ್ನ್ ಹತ್ತಿರ ಹತ್ತಿರ ಕಾಲು ಗಂಟೆ. ಅಷ್ಟು ಹೊತ್ತಿಗೆ ರೋಗ್ ಫೋನ್ ನೋಡುತ್ತಿರುತ್ತಾಳೆ, ಅದು ಪ್ರತಿ ವಾರದ ಪದ್ಧತಿ.

ಹೊಸ ಸ್ಪೆಲ್‌ನಲ್ಲಿ ಎಂಟು ತೋಳಗಳಿಲ್ಲ. ಆತ್ಮರೂಪದ ಒಂದು ಹಿಂಡು, ಒಂದೇ ಗುಂಪಾಗಿ ಸುಳಿದಾಡುತ್ತೆ, ಹತ್ತಿರ ಸಿಕ್ಕವನು ಡೆಕ್ಸ್ಟೆರಿಟಿ (ಚುರುಕು) ಸೇವ್ ತಪ್ಪಿದರೆ 3ಡಿ10. ಅವಳು ಹಿಂಡನ್ನು ಸರಿಸಿದಳು, ನಾನು ಎರಡು ಸೇವ್ ಹಾಕಿದೆ, ಅವಳು ದಾಳ ಹಾಕಿದಳು. ಎರಡು ನಿಮಿಷವೂ ಆಗಲಿಲ್ಲ. 'ಅಬ್ಬಾ, ಎಷ್ಟು ಬೇಗ ಮುಗೀತು!' ಅಂದಳು ರೋಗ್. ಹೊಗಳಿಕೆಯೇ ಅದು. ಡ್ರೂಯಿಡ್ ನಕ್ಕಳು. ನಗುತ್ತಲೇ ಒಂದೊಂದೇ ತೋಳವನ್ನು ಎತ್ತಿ ಡಬ್ಬಿಗೆ ಹಾಕತೊಡಗಿದಳು. ಕೆಂಪು ದಾರದ್ದನ್ನು ಕೊನೆಗೆ ಹಾಕಿ ಮುಚ್ಚಳ ಒತ್ತಿದಳು. ಉಳಿದವರು ಮುಂದಿನ ಟರ್ನ್‌ಗೆ ಹೋಗಿಬಿಟ್ಟಿದ್ದರು.

ಮರುದಿನ ಫೋನ್ ಮಾಡಿದೆ. ಮೊದಲು ಏನಿಲ್ಲ ಏನಿಲ್ಲ ಅಂದಳು. ಆಮೇಲೆ, 'ನಂಗೆ ಡ್ಯಾಮೇಜ್ ಲೆಕ್ಕ ಬೇಡ. ಆ ಎಂಟಕ್ಕೂ ಹೆಸರಿಟ್ಟಿದ್ದೀನಿ' ಅಂದಳು. ವೋಟ್ ಹಾಕುವಾಗಲೇ ಹೇಳಬಹುದಿತ್ತಲ್ವಾ ಅಂದೆ. 'ಆವಾಗ ಗೊತ್ತಿರಲೇ ಇಲ್ಲ. ನನ್ನ ಪೇಜ್ ನಾನೂ ತೆಗೆದು ನೋಡಲಿಲ್ಲ, ನೀವೂ ನೋಡಲಿಲ್ಲ.'

ಪುಸ್ತಕ ತೆಗೆದು ಕೂತೆ. ಕಾಗದದ ಮೇಲೆ ಶೆಪರ್ಡ್ ಹೊಸ ನಿಯಮಕ್ಕೆ ಹೊಂದುತ್ತೆ. ಆದರೆ ಅದರ ಆರನೇ ಲೆವೆಲ್‌ನ ಶಕ್ತಿ ಕರೆಸಿದ ಪ್ರಾಣಿಗಳಿಗೆ ಹೆಚ್ಚು ಹಿಟ್ ಪಾಯಿಂಟ್ ಕೊಡೋದು, ಅವುಗಳ ಹಲ್ಲು ಉಗುರಿಗೆ ಮಾಯಾಬಲ ಕೊಡೋದು. ಹೊಸ ಹಿಂಡಿಗೆ ಹಿಟ್ ಪಾಯಿಂಟೇ ಇಲ್ಲ, ಅದು ಕಚ್ಚೋದೂ ಇಲ್ಲ. ಅಂದರೆ ಅವಳ ನೆಚ್ಚಿನ ಸ್ಪೆಲ್‌ಗೆ ಆ ಶಕ್ತಿ ಅಂಟುವುದೇ ಇಲ್ಲ. ಐದು ಜನರಲ್ಲಿ ಅತಿ ಹೆಚ್ಚು ಕಳೆದುಕೊಳ್ಳುತ್ತಿದ್ದವಳು ಅವಳು. ನಾನು ಇಡೀ ಸಂಜೆ ಕೊಟ್ಟಿದ್ದು ಪಲಾಡಿನ್‌ಗೆ, ಯಾಕೆಂದರೆ ಅವನ ಗಂಟಲು ದೊಡ್ಡದು.

ತೀರ್ಮಾನ, ಆಮೇಲೆ ಆಗಿದ್ದು

ಈ ಸಲ ವೋಟ್ ಹಾಕಿಸಲಿಲ್ಲ. ಉಳಿದ ನಾಲ್ಕು ಜನರ ಶೀಟನ್ನೂ ಪಲಾಡಿನ್‌ದು ಮಾಡಿದ ಹಾಗೇ ಕೂತು ಬರೆದು ನೋಡಿದೆ. ಆಮೇಲೆ ನಾನೇ ಒಂದು ಹಾಳೆಯಲ್ಲಿ ತೀರ್ಮಾನ ಬರೆದು ಎಲ್ಲರ ಮುಂದೆ ಇಟ್ಟೆ. ಈಗಿನ ಅಧ್ಯಾಯ ಮುಗಿಯೋವರೆಗೆ ಎಲ್ಲರಿಗೂ ಹಳೇದೇ, ಮಾಂಕ್‌ಗೂ ಸೇರಿ. ಮುಗಿದ ಮೇಲೆ ಎಲ್ಲರಿಗೂ ಹೊಸದು. ಪಾತ್ರವನ್ನು ಪೂರ್ತಿ ಹೊಸದಾಗಿ ಕಟ್ಟಬಹುದು, ಮೂರು ವಾರ ಆಡಿ ಸರಿ ಹೋಗದಿದ್ದರೆ ಇನ್ನೊಂದು ಸಲ ಕಟ್ಟಬಹುದು. ವಿನಾಯಿತಿ ಎರಡೇ. ಹೊಂಚು ಹಾಕಿದಾಗ ಹಳೇ ನಿಯಮ, ಆದರೆ ನಿಮ್ಮ ಮೇಲೆ ಯಾರಾದರೂ ಹೊಂಚು ಹಾಕಿದರೂ ಅದೇ. ಡ್ರೂಯಿಡ್‌ಗೆ ಹಳೇ ಎಂಟು ತೋಳ ಇರಲಿ, ಆದರೆ ಎರಡೆರಡು ಒಟ್ಟಿಗೆ ಒಂದೇ ಗುರಿಗೆ ಕಚ್ಚಬೇಕು, ಜೋಡಿಗೆ ಒಂದೇ ರೋಲ್, ಏಟು ಬಿದ್ದರೆ ಒಂದೊಂದು ತೋಳದಿಂದ 7ರಂತೆ ಡ್ಯಾಮೇಜ್, ಶತ್ರುವನ್ನು ನೆಲಕ್ಕೆ ಬೀಳಿಸೋದು ಬೇಡ.

ಅಪಸ್ವರ ಬಂದಿದ್ದು ಮಾಂಕ್‌ನಿಂದ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ ಅಂದ. ನ್ಯಾಯವಾದ ಮಾತು. ಪಲಾಡಿನ್ ತನ್ನ ಎರಡು ಸ್ಮೈಟ್ ಕೇಳಬಹುದಿತ್ತು. ಕೇಳಲಿಲ್ಲ. ಅವನ ಎರಡನೇ ಸ್ಮೈಟ್ ಹೋದರೂ ಅವನು ಪಲಾಡಿನ್ನೇ, ತೋಳ ಹೋದರೆ ಅವಳು ಏನೂ ಅಲ್ಲ ಅಂತ ಅವನೇ ಹೇಳಿದ. ಈ ಅಳತೆಗೋಲು ನನ್ನ ತಲೆಗೆ ಹೊಳೆದಿರಲಿಲ್ಲ. ಈಗ ಯಾವ ವಿನಾಯಿತಿ ಕೇಳಿದರೂ ಅದನ್ನೇ ಹಿಡಿದು ನೋಡುತ್ತೇನೆ: ಶಕ್ತಿ ಕಡಿಮೆ ಆಯ್ತಾ, ಅಥವಾ ಪಾತ್ರವೇ ಇಲ್ಲವಾಯ್ತಾ?

ಬದಲಾದ ಮೇಲೆ ಎಲ್ಲ ಸಲೀಸಾಗಿ ನಡೀತು ಅಂತ ಹೇಳೋಕಾಗಲ್ಲ. ಮೊದಲ ತಿಂಗಳು ಗ್ರ್ಯಾಪಲ್ (ಶತ್ರುವನ್ನು ಹಿಡಿದು ಬಿಗಿಯೋದು) ಬಂದಾಗಲೆಲ್ಲ ಕೈ ತಾನಾಗಿ ಅಥ್ಲೆಟಿಕ್ಸ್ ರೋಲ್‌ಗೆ ಹೋಗುತ್ತಿತ್ತು, ಈಗ ಅದು ಸೇವಿಂಗ್ ಥ್ರೋ ಅಂತ ಯಾರಾದರೂ ನೆನಪಿಸಬೇಕಿತ್ತು. ಕ್ಲೆರಿಕ್ ತನ್ನ ಎರಡನೇ ಅವಕಾಶ ಬಳಸಿ ಸ್ಪೆಲ್ ಪಟ್ಟಿಯನ್ನೇ ಬದಲಿಸಿದ, ಆದರೂ ಹಳೇ ಜೋಡಿಯ ನೆನಪಿಗೆ ಈಗಲೂ ನಿಟ್ಟುಸಿರು ಬಿಡ್ತಾನೆ. ಪಲಾಡಿನ್ ಪೋಲ್‌ಆರ್ಮ್ ಮಾಸ್ಟರ್ ಬಿಟ್ಟು ಗ್ರೇಟ್ ವೆಪನ್ ಮಾಸ್ಟರ್ ತಗೊಂಡ, ಗ್ಲೇವ್ ಮಾತ್ರ ಬಿಡಲಿಲ್ಲ. ಡ್ರೂಯಿಡ್‌ಳ ಟರ್ನ್ ಐದಾರು ನಿಮಿಷಕ್ಕೆ ಇಳೀತು.

ಅಧ್ಯಾಯ ಮುಗಿಯೋವರೆಗೆ ಕಾದಿದ್ದು ಮಾತ್ರ ಸರಿಯಾದ ನಿರ್ಧಾರ ಅಂತ ಈಗಲೂ ಅನ್ನಿಸುತ್ತೆ. ಆ ಆರು ವಾರ ಮಾಂಕ್ ಗೊಣಗಿದ, ಆದರೆ ಎಲ್ಲರೂ ಒಂದೇ ಪುಸ್ತಕದಲ್ಲಿದ್ದೆವು. ಪುಸ್ತಕ ಹಳೇದಾ ಹೊಸದಾ ಅನ್ನೋದಕ್ಕಿಂತ, ಒಂದು ರಾತ್ರಿಗೆ ಒಂದೇ ಪುಸ್ತಕ ಅನ್ನೋದು ನಮ್ಮ ಟೇಬಲ್‌ಗೆ ಜಾಸ್ತಿ ಬೇಕಾಗಿತ್ತು.

ಫೆಬ್ರವರಿಯಲ್ಲಿ ಹೊಸ ಮಾನ್ಸ್ಟರ್ ಮ್ಯಾನ್ಯುಯಲ್ ಬಂತು. ಈ ಸಲ ಮೊದಲು ಪುಟ ತಿರುವಿದವಳು ಡ್ರೂಯಿಡ್. ನೇರ ತೋಳದ ಪುಟಕ್ಕೆ ಹೋಗಿ ಎರಡು ಸಲ ಓದಿದಳು.

'ಹೊಸ ತೋಳ ಕಚ್ಚಿದ್ರೆ ಸೇವೇ ಇಲ್ಲ, ಸುಮ್ನೆ ಬಿದ್ದೇಬಿಡ್ತಾರಂತೆ. ನನ್ನವಕ್ಕೂ ಇದು ಬರುತ್ತಾ?'

ನಾನು ಬಾಯಿ ತೆಗೆಯೋ ಮುಂಚೆ ಪಲಾಡಿನ್ ಅವಳ ಕೈಯಿಂದ ಪುಸ್ತಕ ತಗೊಂಡು ಮುಚ್ಚಿದ. 'ಇಲ್ಲ ಕಣೇ. ನಿನ್ನವು 2014ರ ತೋಳ.'